ನೊಂದ ವಿದ್ಯಾರ್ಥಿನಿ, ವೇಣೂರು

ನನ್ನ ಸೋದರಮಾವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರು ತೀರಿಕೊಂಡು ಇಷ್ಟು ವರ್ಷಗಳಾದ ಮೇಲೆ ಈಗಲೂ ಆಗುವುದಿಲ್ಲ. ಹೋದವರ ಬಗ್ಗೆ ಒಳ್ಳೆಯ ಮಾತಾಡಬೇಕು ಎಂದು ನನ್ನ ವಾರಗೆಯವರು ಹೇಳುತ್ತಾರೆ. ಆಡಲಿ, ಅವರ ಮಾವಂದಿರ ಬಗ್ಗೆ ಅವರು ಆಡಲಿ. ಹದಿನೈದು ವರ್ಷದ ಹುಡುಗಿಯೊಬ್ಬಳು ವಾರಪತ್ರಿಕೆ ಓದಿ ಓದಿ ತನ್ನ ಮನೆಯನ್ನು ದ್ವೇಷಿಸಲು ಕಲಿತದ್ದು ಹೇಗೆ, ಆಮೇಲೆ ಏನೇನಾಯಿತು ಎಂಬುದನ್ನು ಇದ್ದ ಹಾಗೆ ಬರೆಯುತ್ತೇನೆ. ಆ ಹುಡುಗಿಯ ಮೇಲೂ ನನಗೆ ದೊಡ್ಡ ಕನಿಕರವೇನೂ ಇಲ್ಲ.

ನಮ್ಮ ಮನೆ ಇದ್ದದ್ದು ವೇಣೂರಿನಿಂದ ಎರಡು ಮೈಲು ಒಳಗೆ, ಹೊಳೆ ಬದಿಯ ಗದ್ದೆಗಳ ಮೇಲೆ. ಮನೆ ಅಜ್ಜಿಯದು. ಅಜ್ಜಿಗೆ ಅದು ಅವರ ತಾಯಿಯಿಂದ ಬಂದದ್ದು. ನಮ್ಮದು ಅಳಿಯಕಟ್ಟು, ಹೆಣ್ಣಿನ ಸಂತತಿಗೆ ಮನೆ, ಗಂಡಸರಲ್ಲಿ ಹಿರಿಯನಾದವನಿಗೆ ಯಜಮಾನಿಕೆ. ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಆ ಹೊತ್ತಿಗಾಗಲೇ ಗಂಡನ ಜೊತೆ ಹೋಗಿ ಬಾಳುತ್ತಿದ್ದರು. ಆದರೆ ಅಮ್ಮ ಅಜ್ಜಿಗೆ ಒಬ್ಬಳೇ ಮಗಳು. ಅವಳು ಹೋದರೆ ಮನೆಯಲ್ಲಿ ದೀಪ ಹಚ್ಚುವವರು ಯಾರು ಎಂದು ಮದುವೆಯ ಮಾತಿನ ಹೊತ್ತಿಗೇ ನಿರ್ಧಾರವಾಗಿತ್ತಂತೆ. ಹಾಗಾಗಿ ಅಮ್ಮ, ಅಜ್ಜಿ, ನಾನು ಮತ್ತು ಅಮ್ಮನ ಅಣ್ಣನಾದ ಮಾವ, ಇಷ್ಟು ಜನ ಆ ಮನೆಯಲ್ಲಿದ್ದೆವು.

ಅಪ್ಪ ಬಂಟ್ವಾಳದಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತರು. ಶನಿವಾರ ಸಂಜೆ ಬಸ್ಸು ಹತ್ತಿ ಗುರುವಾಯನಕೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ವೇಣೂರಿಗೆ ಬಂದು, ಅಲ್ಲಿಂದ ನಡೆದು ಮನೆ ಸೇರುತ್ತಿದ್ದರು. ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಮಾವನ ಹೆಂಡತಿ ಮಕ್ಕಳು ನಾರಾವಿಯ ಕಡೆ, ಆ ಹೆಂಡತಿಯ ತಾಯಿಮನೆಯಲ್ಲಿ. ಮಾವನೂ ಶನಿವಾರ ಹೋಗಿ ಸೋಮವಾರ ಬರುವವರು. ಒಬ್ಬರು ಮೆಟ್ಟಿಲಿಳಿಯುವಾಗ ಇನ್ನೊಬ್ಬರು ಹತ್ತುತ್ತಿದ್ದರು. ಜಗಲಿಯಲ್ಲಿ ಭೇಟಿಯಾದರೆ ಮಳೆ ಬೆಳೆಯ ಬಗ್ಗೆ ಒಂದೆರಡು ಮಾತು. ಅಪ್ಪ ಬಂದ ಕೂಡಲೇ ಅಜ್ಜಿ ಬೆಲ್ಲ, ನೀರು ತಂದಿಡಿಸುತ್ತಿದ್ದರು. ಕೋಳಿ ಕೊಯ್ಯುತ್ತಿದ್ದರು. ಅಮ್ಮ ಹೊಸ ಚಾಪೆ ಬಿಡಿಸುತ್ತಿದ್ದಳು. ಅಪ್ಪ ಎರಡು ದಿನ ಚಾವಡಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು, ಬಂಟ್ವಾಳದ ಸುದ್ದಿ ಹೇಳುತ್ತ, ಬಹಳ ಹಿತವಾಗಿ ನಗುತ್ತಿದ್ದರು. ಹದಿಮೂರು ವರ್ಷದವರೆಗೆ ನನಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಅಪ್ಪಂದಿರು ಶನಿವಾರ ಬರುವವರು, ಅಷ್ಟೆ.

ವಾರಪತ್ರಿಕೆಯನ್ನು ಮನೆಗೆ ತರಿಸಿದವರು ಮಾವನೇ. ಅದು ಅವರು ಮಾಡಿದ ದೊಡ್ಡ ತಪ್ಪು. ದಿನಪತ್ರಿಕೆಯೂ ವಾರಪತ್ರಿಕೆಯೂ ಮಂಗಳೂರಿನಿಂದ ಬಸ್ಸಿನಲ್ಲಿ ಬಂದು ವೇಣೂರು ಪೇಟೆಯ ಅಂಗಡಿಯ ಜಗಲಿಗೆ ಬೀಳುತ್ತಿದ್ದವು. ಮಾವ ಪೇಟೆಗೆ ಹೋಗಿ ತರುತ್ತಿದ್ದರು. ದಿನಪತ್ರಿಕೆಯನ್ನು ಚಾವಡಿಯಲ್ಲಿ ಕುಳಿತು, ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮಡಿಲಿಗೆ ಹಾಕಿಕೊಂಡು, ಮೊದಲಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದರು. ಅವರು ಓದಿ ಮುಗಿಸುವವರೆಗೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ವಾರಪತ್ರಿಕೆಯನ್ನು ಮಾತ್ರ ಬಿಡಿಸಿಯೂ ನೋಡದೆ ಅಮ್ಮನ ಕೈಗೆ ಕೊಡುತ್ತಿದ್ದರು. ಅದು ಹೆಂಗಸರದು ಎಂದು ಅವರ ಎಣಿಕೆ.

ಮಧ್ಯಾಹ್ನ ಊಟವಾದ ಮೇಲೆ, ರಜೆಯ ದಿನಗಳಲ್ಲಿ, ಅದನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಅಮ್ಮನಿಗೆ ಅಕ್ಷರ ಬರುತ್ತಿತ್ತು, ಆದರೆ ಕೂಡಿಸಿ ಓದುವಷ್ಟರಲ್ಲಿ ಕಥೆ ತಪ್ಪಿಹೋಗುತ್ತಿತ್ತು. ಅಜ್ಜಿಗೆ ಕನ್ನಡವೇ ಅರ್ಧಂಬರ್ಧ. ನಾನು ಕನ್ನಡದಲ್ಲಿ ಓದಿ ತುಳುವಿನಲ್ಲಿ ವಿವರಿಸುತ್ತಿದ್ದೆ. ಒಂದು ಧಾರಾವಾಹಿ ಬರುತ್ತಿತ್ತು. ಸೊಸೆಯೊಬ್ಬಳು ಅತ್ತೆಯ ಮನೆಯ ಅಡುಗೆಕೋಣೆಯಲ್ಲಿ ವಾರ ವಾರ ಅಳುತ್ತಿದ್ದಳು. ಅಮ್ಮ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಅಜ್ಜಿ ಮಾತ್ರ ಪ್ರತಿ ವಾರವೂ ಒಂದೇ ಪ್ರಶ್ನೆ ಕೇಳಿ ನನ್ನ ತಲೆ ತಿನ್ನುತ್ತಿದ್ದರು.

"ಅವಳಿಗೆ ತಾಯಿಮನೆ ಇಲ್ಲವಾ? ಎದ್ದು ಬರ್ಲಿಕ್ಕೆ ಏನು ಧಾಡಿ?"

ಹಾಗೆಲ್ಲ ಬರಲಿಕ್ಕಾಗುವುದಿಲ್ಲ ಅಜ್ಜಿ, ಅದು ಗಂಡನ ಮನೆ ಎಂದರೆ, ಗಂಡನ ಮನೆ ಎಂದರೆ ಅವಳು ಅಲ್ಲಿಗೆ ಹೋದದ್ದಾದರೂ ಯಾಕೆ ಎಂದು ಇನ್ನೊಂದು ಪ್ರಶ್ನೆ. ನನಗೆ ನಾಚಿಕೆಯಾಗುತ್ತಿತ್ತು. ಅಚ್ಚಾದ ಕಥೆಯ ಮುಂದೆ ನಮ್ಮ ಅಜ್ಜಿ ಎಷ್ಟು ಹಳ್ಳಿಗಮಾರಿ ಎಂದು ಅನ್ನಿಸುತ್ತಿತ್ತು. ಆ ಸೊಸೆಯಂತೆ ನಮ್ಮ ಅಮ್ಮನೂ ಅಳುವವಳಾಗಿದ್ದರೆ ಚೆನ್ನಾಗಿತ್ತು ಎಂದು ನಾನು ಬಯಸಿದ್ದೂ ಉಂಟು. ಅಮ್ಮ ಅಳುವವಳಲ್ಲ. ಆಳುಗಳನ್ನು ಗದರಿಸುವವಳು, ಗದ್ದೆಯ ಹುಣಿಯ ಮೇಲೆ ನಿಂತು ನೇಜಿ ಸಸಿ ನೆಡಿಸುವವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾವನ ಎದುರು ನಿಂತು, ಈ ಸಲ ಆ ಗದ್ದೆಗೆ ಈ ಬೀಜ ಬೇಡ ಎಂದು ವಾದಿಸುವವಳು. ಪತ್ರಿಕೆಯಲ್ಲಿ ಅಂಥ ಹೆಂಗಸು ಬಂದರೆ ಅವಳು ಒಂದೋ ಗಯ್ಯಾಳಿ, ಇಲ್ಲವೇ ಕೊನೆಯ ಕಂತಿನಲ್ಲಿ ಪಾಠ ಕಲಿಯುವವಳು.

ಹಾಗೆಯೇ ಸೋದರಮಾವಂದಿರು. ಆ ಕಥೆಗಳಲ್ಲಿ ಸೋದರಮಾವ ಬಂದರೆ ಆಸ್ತಿ ನುಂಗಲಿಕ್ಕೆ ಬಂದ ಎಂದೇ ಲೆಕ್ಕ. ನಾನು ಓದುತ್ತ ಓದುತ್ತ ಚಾವಡಿಯ ಕಡೆ ನೋಡುತ್ತಿದ್ದೆ. ಅಲ್ಲಿ ಮಾವ ಬೈರಾಸು ಮಡಚಿ ತಲೆಗಿಟ್ಟುಕೊಂಡು ಮಲಗಿರುತ್ತಿದ್ದರು. ಅವರ ಗೊರಕೆಯೂ ನನಗೆ ಸಂಚಿನ ಹಾಗೆ ಕೇಳಿಸತೊಡಗಿತು.

ಮಾವ ಒಳ್ಳೆಯವರಾಗಿದ್ದರು, ಪತ್ರಿಕೆಯೇ ಅವರನ್ನು ಕೆಟ್ಟವರನ್ನಾಗಿ ಮಾಡಿತು ಎಂದು ಯಾರೂ ತಿಳಿಯಬಾರದು. ಅವರು ದರ್ಪದ ಮನುಷ್ಯ. ನನ್ನ ಲಂಗದ ಬಟ್ಟೆಯನ್ನೂ ಅವರೇ ಆರಿಸಿ ತರುತ್ತಿದ್ದರು. ಕೊಳೆ ಕಾಣದಂಥ ಬಣ್ಣ, ಪ್ರತಿ ವರ್ಷವೂ. ಪರೀಕ್ಷೆಯ ಅಂಕಪಟ್ಟಿ ತೋರಿಸಿದರೆ, ಬಂದವರ ಎದುರೇ, ಇದು ಭತ್ತದ ಕಣಜಕ್ಕೆ ಆಗುತ್ತದಾ ಎಂದು ಕೇಳುತ್ತಿದ್ದರು. ಒಮ್ಮೆ ನಾನು ಪತ್ರಿಕೆಯ ಜಾಹೀರಾತಿನಿಂದ ಒಂದು ಚಿತ್ರ ಕತ್ತರಿಸಿ, ಗಂಜಿಯ ತಿಳಿ ಹಚ್ಚಿ, ನಾನು ಮಲಗುವ ಕೋಣೆಯ ಗೋಡೆಗೆ ಅಂಟಿಸಿದ್ದೆ. ಕುರ್ಚಿಯಲ್ಲಿ ಕನ್ನಡಕದ ಅಪ್ಪ, ಪಕ್ಕದಲ್ಲಿ ಕಾಫಿ ಬಗ್ಗಿಸುವ ಅಮ್ಮ, ನೆಲದ ಮೇಲೆ ಆಡುವ ಇಬ್ಬರು ಮಕ್ಕಳು. ಸಂಜೆ ಶಾಲೆಯಿಂದ ಬರುವಾಗ ಗೋಡೆಯಲ್ಲಿ ಚಿತ್ರದ ನಾಲ್ಕು ಮೂಲೆಗಳು ಮಾತ್ರ ಉಳಿದಿದ್ದವು. ಮಾವ ಕಿತ್ತದ್ದೆಂದು ಅಮ್ಮ ಹೇಳಿದಳು. ಗೋಡೆ ಹಾಳಾಗುತ್ತದಂತೆ.

ನಾನು ಆಗ ಮೂಡುಬಿದಿರೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕನ್ನಡ ಕಲಿಸುವ ಮೇಷ್ಟ್ರು ಘಟ್ಟದ ಮೇಲಿನವರು, ಸೊಗಸಾಗಿ ಮಾತಾಡುತ್ತಿದ್ದರು. ನಮ್ಮ ಕನ್ನಡ ಅವರಿಗೆ ತಮಾಷೆ. ತುಳುವಿನಲ್ಲಿ ತಾಯಿಗೆ ಅಪ್ಪೆ, ತಂದೆಗೆ ಅಮ್ಮೆ ಎನ್ನುತ್ತಾರೆಂದು ತಿಳಿದ ದಿನ ಅವರು ಮೇಜು ಹಿಡಿದುಕೊಂಡು ನಕ್ಕರು. ಎಲ್ಲವೂ ತಲೆಕೆಳಗು ನಿಮ್ಮ ಊರಿನಲ್ಲಿ ಎಂದರು. ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ಹೌದು, ಎಲ್ಲವೂ ತಲೆಕೆಳಗಾಗಿಯೇ ಇತ್ತು.

ಆ ಮೇಷ್ಟ್ರು 'ನಮ್ಮ ಮನೆಯ ಸಂಜೆ' ಎಂಬ ಪ್ರಬಂಧ ಬರೆಯಲು ಹೇಳಿದರು. ನಾನು ಆ ಜಾಹೀರಾತಿನ ಮನೆಯನ್ನೇ ಬರೆದೆ. ತಂದೆ ಕಚೇರಿಯಿಂದ ಬರುತ್ತಾರೆ, ತಾಯಿ ನಗುಮುಖದಿಂದ ಕಾಫಿ ಕೊಡುತ್ತಾಳೆ, ತಂದೆ ನನ್ನ ಪಾಠ ನೋಡುತ್ತಾರೆ. ಮೇಷ್ಟ್ರು ಅದನ್ನು ತರಗತಿಗೆ ಓದಿ ಹೇಳಿ, ಸಂಸಾರವೆಂದರೆ ಹೀಗಿರಬೇಕು ಎಂದರು. ನಿನ್ನ ತಂದೆ ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಕೇಳಿದರು. ಬಂಟ್ವಾಳ ಎಂದೆ. ಅಷ್ಟು ದೂರದಿಂದ ದಿನಾ ಸಂಜೆ ಬರುತ್ತಾರೆಯೇ ಎಂದರು. ಬಸ್ಸು ಉಂಟು ಸರ್ ಎಂದೆ. ವೇಣೂರಿನ ಕಡೆಯಿಂದ ಬರುವ ಇನ್ನಿಬ್ಬರು ಹುಡುಗಿಯರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಅವರಿಗೆ ನಮ್ಮ ಮನೆ ಗೊತ್ತಿತ್ತು.

ಆ ವರ್ಷ ಮಳೆ ನಿಂತು ಎರಡನೇ ಬೆಳೆ ಇಡುವ ಹೊತ್ತಿನ ಒಂದು ಶನಿವಾರ ಅಪ್ಪ ಬೇಗನೆ ಬಂದರು. ಬಂಟ್ವಾಳದಲ್ಲಿ ಟೆಂಟಿನ ಸಿನಿಮಾ ಬಂದಿತ್ತು. ನನ್ನನ್ನೂ ಅಮ್ಮನನ್ನೂ ಮೂರು ದಿನದ ಮಟ್ಟಿಗೆ ಕರೆದುಕೊಂಡು ಹೋಗಿ ತೋರಿಸಬೇಕೆಂದು ಅವರಿಗೆ ಆಸೆ. ಹೊರಡಲು ನಿಂತಿದ್ದ ಮಾವನ ಹತ್ತಿರ ಕೇಳಿದರು. ಮಾವ ಕೊಡೆ ಬಿಡಿಸುತ್ತಲೇ, ನೇಜಿ ನೆಡುವ ಸಮಯದಲ್ಲಿ ಮನೆಯ ಹೆಂಗಸು ಸಿನಿಮಾಕ್ಕೆ ಹೋದರೆ ಗದ್ದೆಗೆ ಯಾರು ಇಳಿಯುವುದು, ನೀವು ಇಳಿಯುತ್ತೀರಾ ಭಾವ, ಎಂದು ಕೇಳಿದರು. ಅಪ್ಪ ನಕ್ಕರು. ನಕ್ಕು, ಅದೂ ಹೌದು ಎಂದು ಹೇಳಿ, ತಂಬಿಗೆಯ ನೀರನ್ನು ಕಾಲಿಗೆ ಹಾಕಿಕೊಂಡು ಒಳಗೆ ಬಂದರು.

ಅಮ್ಮನಿಗೆ ಬೇಸರವಾಯಿತೋ ಇಲ್ಲವೋ ನನಗೆ ತಿಳಿಯದು. ಅಣ್ಣ ಹೇಳಿದ್ದು ಸರಿ, ಈಗ ಆಗುವುದಿಲ್ಲ ಎಂದು ಅವಳು ಅಡುಗೆಕೋಣೆಗೆ ನಡೆದಳು. ಆದರೆ ನನಗೆ ಅಪ್ಪನ ಆ ನಗು ಸಹಿಸಲಾಗಲಿಲ್ಲ. ಚಿತ್ರದಲ್ಲಿ ಕುರ್ಚಿಯ ಮೇಲೆ ಕುಳಿತ ಅಪ್ಪ ಹಾಗೆ ನಗುವವನಲ್ಲ.

ವಾರಪತ್ರಿಕೆಯಲ್ಲಿ ಸಂಸಾರದ ಸಮಸ್ಯೆಗಳಿಗೆ ಉತ್ತರ ಹೇಳುವ ಒಂದು ಪುಟವಿತ್ತು. ಉತ್ತರ ಬರೆಯುವವರು ತಮ್ಮನ್ನು ಅಕ್ಕ ಎಂದು ಕರೆದುಕೊಳ್ಳುತ್ತಿದ್ದರು. ಸೋಮವಾರ ಶಾಲೆಯಲ್ಲಿ ಕುಳಿತು ನಾನು ಆ ಅಕ್ಕನಿಗೆ ಪತ್ರ ಬರೆದೆ. ನನ್ನ ತಂದೆ ನಮ್ಮ ಮನೆಗೆ ನೆಂಟರಂತೆ ಬಂದು ಹೋಗುತ್ತಾರೆ, ಸೋದರಮಾವನ ದಬ್ಬಾಳಿಕೆಯಲ್ಲಿ ನಾವು ನರಳುತ್ತಿದ್ದೇವೆ ಎಂದು ಬರೆದೆ. ನನ್ನ ತಾಯಿ ದಿನವೂ ಕಣ್ಣೀರಿನಲ್ಲಿ ಕೈ ತೊಳೆಯುತ್ತಾಳೆ ಎಂದೂ ಬರೆದೆ. ಆ ಮಾತು ಧಾರಾವಾಹಿಯದು. ನೊಂದ ವಿದ್ಯಾರ್ಥಿನಿ ಎಂದು ಸಹಿ ಹಾಕಿ, ಅದರ ಕೆಳಗೆ, ಅಂಚೆಯವರಿಗೆ ಬೇಕಾಗಬಹುದೆಂದು, ವೇಣೂರು ಎಂದೂ ಬರೆದು ಮೂಡುಬಿದಿರೆಯ ಅಂಚೆಪೆಟ್ಟಿಗೆಗೆ ಹಾಕಿದೆ.

ವಾರಗಳು ಕಳೆದವು. ಮೊದಮೊದಲು ಪತ್ರಿಕೆ ಬಂದ ಕೂಡಲೇ ಆ ಪುಟವನ್ನು ತೆರೆದು ನೋಡುತ್ತಿದ್ದೆ. ಆಮೇಲೆ ಮರೆತೆ. ಕಳೆ ಕಿತ್ತು ಮುಗಿದು, ಗದ್ದೆಯಲ್ಲಿ ಪೈರು ಎದ್ದು ನಿಂತಿತ್ತು. ಒಂದು ಭಾನುವಾರ, ಅಪ್ಪ ಬಾರದ ಭಾನುವಾರ ಅದು, ಮಾವನೂ ಯಾವುದೋ ಕೆಲಸವೆಂದು ನಾರಾವಿಗೆ ಹೋಗಿರಲಿಲ್ಲ. ಪೇಟೆಯಿಂದ ಮಧ್ಯಾಹ್ನದ ಊಟಕ್ಕೆ ತಡವಾಗಿ ಬಂದರು. ಪತ್ರಿಕೆ ಅವರ ಕಂಕುಳಲ್ಲಿತ್ತು. ಎಂದಿನ ಹಾಗೆ ಅಮ್ಮನಿಗೆ ಕೊಡಲಿಲ್ಲ. ಊಟ ಮಾಡಿ, ಕೈ ತೊಳೆದು ಬಂದು, ನಾವು ಮೂವರು ಕುಳಿತಿದ್ದ ಒಳಜಗಲಿಯ ಕಂಬಕ್ಕೆ ಒರಗಿ ನಿಂತರು. ಅವರು ಅಲ್ಲಿಗೆ ಬರುವುದೇ ಅಪರೂಪ. ಒಂದು ಪುಟವನ್ನು ಮಡಚಿ ನನ್ನ ಮುಂದೆ ಹಿಡಿದರು.

"ಇದನ್ನು ಓದು. ಅಜ್ಜಿಗೆ ಅರ್ಥ ಹೇಳಿ ಓದು."

ಅದು ಅಕ್ಕನ ಪುಟ. ಅಚ್ಚಿನಲ್ಲಿ ನನ್ನ ಪತ್ರ ನಾನು ಬರೆದದ್ದಕ್ಕಿಂತ ಉದ್ದವಾಗಿತ್ತು. ಯಾರೋ ಅದಕ್ಕೆ ಇನ್ನಷ್ಟು ಕಣ್ಣೀರು ಸೇರಿಸಿದ್ದರು. ಓದುವುದಿಲ್ಲ ಎನ್ನುವ ಧೈರ್ಯವಿರಲಿಲ್ಲ. ಓದಿದೆ. ತುಳುವಿನಲ್ಲಿ ಹೇಳಿದೆ. ತಂದೆ ನೆಂಟರಂತೆ ಬರುತ್ತಾರೆ ಎಂಬಲ್ಲಿ ಅಮ್ಮ ತಲೆ ಎತ್ತಿದಳು. ಅಜ್ಜಿ, ಪಾಪ ಯಾರ ಮನೆಯ ಹುಡುಗಿಯೋ, ಅವಳ ಮಾವ ರಾಕ್ಷಸನೇ ಇರಬೇಕು ಎಂದರು. ಸಹಿ ಬಂದಾಗ ನಾನು ನಿಲ್ಲಿಸಿದೆ.

"ಊರಿನ ಹೆಸರನ್ನೂ ಓದು," ಎಂದರು ಮಾವ.

ಓದಿದೆ. ವೇಣೂರಿನಿಂದ ಹೈಸ್ಕೂಲಿಗೆ ಹೋಗುವ ಹುಡುಗಿಯರು ಮೂವರು. ಉಳಿದಿಬ್ಬರ ಅಪ್ಪಂದಿರು ಪೇಟೆಯಲ್ಲಿಯೇ ಅಂಗಡಿ ಇಟ್ಟವರು, ರಾತ್ರಿ ಮನೆಗೇ ಬರುವವರು. ಅಂಗಡಿಯ ಜಗಲಿಯಲ್ಲಿ ಆ ಪುಟವನ್ನು ಯಾರೋ ಗಟ್ಟಿಯಾಗಿ ಓದಿ, ಮಾವ ಬರುವವರೆಗೆ ಕಾದು, ಅವರ ಕೈಗೆ ಕೊಟ್ಟಿದ್ದರು.

ಇನ್ನು ಉತ್ತರ ಓದು ಎಂದರು. ಅಕ್ಕ ಬರೆದಿದ್ದ ಉತ್ತರ ಹೀಗಿತ್ತು: ಹೆಣ್ಣಿಗೆ ಗಂಡನ ಮನೆಯೇ ಮನೆ, ಇಂಥ ಹಳೆಯ ಅನಾಚಾರಗಳು ಇನ್ನೂ ಉಳಿದಿರುವುದು ನಾಡಿಗೆ ಅವಮಾನ, ನಿನ್ನ ತಂದೆ ಗಂಡಸಾಗಿ ಧೈರ್ಯ ಮಾಡಿ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಬೇಕು. ನಾನು ಅದನ್ನು ತುಳುವಿಗೆ ತರುವಾಗ ಅನಾಚಾರ ಎಂಬ ಮಾತಿಗೆ ಶಬ್ದ ಸಿಗದೆ ಹಾಗೆಯೇ ಬಿಟ್ಟೆ. ಅಜ್ಜಿಗೆ ಆ ಹೊತ್ತಿಗೆ ತಿಳಿದಿತ್ತು. ಅವರು ಎದ್ದು ಒಳಗೆ ಹೋದರು.

ಅಮ್ಮ ಕೂತಲ್ಲಿಂದ ಏಳಲಿಲ್ಲ. ಹೊಡೆಯುತ್ತಾಳೆ ಎಂದು ನಾನು ಮುದುಡಿಕೊಂಡಿದ್ದೆ. ಅವಳು ಹೊಡೆಯಲಿಲ್ಲ.

"ನಾನು ಯಾವಾಗ ಅತ್ತದ್ದು?" ಎಂದು ಕೇಳಿದಳು. "ಹೇಳು. ಒಂದು ದಿನ ಹೇಳು."

ಅವಳು ಮತ್ತೆ ಮತ್ತೆ ಅದನ್ನೇ ಕೇಳಿದಳು. ಮಾವ ಪತ್ರಿಕೆಯನ್ನು ಎತ್ತಿಕೊಂಡು ಹೋದರು. ಆ ದಿನದಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ವಾರಪತ್ರಿಕೆಯೂ ನಿಂತಿತು.

ಮುಂದಿನ ಶನಿವಾರವೂ ಮಾವ ನಾರಾವಿಗೆ ಹೋಗಲಿಲ್ಲ. ಅಪ್ಪ ಬಂದರು. ಬಂಟ್ವಾಳದಲ್ಲಿ ಅವರಿಗೂ ಯಾರೋ ತೋರಿಸಿದ್ದರೆಂದು ಅವರ ಮುಖ ನೋಡಿದಾಗಲೇ ತಿಳಿಯಿತು. ಬೆಲ್ಲ ನೀರು ಯಾರೂ ತಂದಿಡಲಿಲ್ಲ. ಮಾವ ಅವರನ್ನು ಚಾವಡಿಯಲ್ಲಿ ಕುಳ್ಳಿರಿಸಿ, ಸ್ವರ ಏರಿಸದೆ ಹೇಳಿದರು:

"ಭಾವ, ನಮ್ಮ ಮನೆಯಲ್ಲಿ ಅನಾಚಾರ ಉಂಟಂತೆ. ಅಚ್ಚಾಗಿ ಬಂದಿದೆ. ನೀವು ನಿಮ್ಮ ಹೆಂಡತಿ ಮಗಳನ್ನು ಕರ್ಕೊಂಡು ಹೋಗಿ. ನಾನು ಅಡ್ಡ ಬರುವುದಿಲ್ಲ."

ಉತ್ತರ ಕೊಟ್ಟವಳು ಅಮ್ಮ. ಇದು ನನ್ನ ಮನೆ, ನಾನು ಯಾಕೆ ಹೋಗುವುದು ಎಂದು ಬಾಗಿಲಲ್ಲಿ ನಿಂತು ಹೇಳಿದಳು. ಹಾಗಾದರೆ ಬರೆದವಳು ಹೋಗಲಿ ಎಂದರು ಮಾವ. ಅಮ್ಮ ಅದಕ್ಕೆ ಎದುರು ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಸುಮ್ಮನಿದ್ದಳು. ಅವಳ ಆ ಮೌನವನ್ನು ನಾನು ಮರೆತಿಲ್ಲ. ಸೋಮವಾರ ಬೆಳಿಗ್ಗೆ ಒಂದು ತಗಡಿನ ಪೆಟ್ಟಿಗೆಯಲ್ಲಿ ನನ್ನ ಬಟ್ಟೆ, ಪುಸ್ತಕ ತುಂಬಿಕೊಂಡು ಅಪ್ಪನ ಹಿಂದೆ ಹೊರಟೆ. ಅಳಲಿಲ್ಲ. ಸಂಜೆ ಕಚೇರಿಯಿಂದ ಬರುವ ಅಪ್ಪ ನನಗೆ ಸಿಕ್ಕಿದ್ದರು. ಅಳುವುದೇಕೆ ಎಂಬ ಹಟ.

ಬಂಟ್ವಾಳದಲ್ಲಿ ಅಪ್ಪ ಅಲ್ಲಿಯವರೆಗೆ ಇನ್ನೊಬ್ಬ ಗುಮಾಸ್ತರ ಜೊತೆ ಒಂದೇ ಕೋಣೆಯಲ್ಲಿದ್ದವರು. ನನಗಾಗಿ ಕೆಳಗಿನ ಪೇಟೆಯಲ್ಲಿ, ಬ್ಯಾರಿಯೊಬ್ಬರ ದಿನಸಿ ಅಂಗಡಿಯ ಹಿಂದೆ ಎರಡು ಕೋಣೆ ಹಿಡಿದರು. ಅಲ್ಲಿಯ ಹೈಸ್ಕೂಲಿಗೆ ಸೇರಿಸಿದರು. ಅಡುಗೆ ನನ್ನದು. ನನಗೆ ಒಲೆ ಹಚ್ಚುವುದೂ ನೆಟ್ಟಗೆ ಬರುತ್ತಿರಲಿಲ್ಲ. ವೇಣೂರಿನಲ್ಲಿ ಆ ಕೆಲಸಕ್ಕೆ ಬೇರೆ ಕೈಗಳಿದ್ದವು. ಕುಚ್ಚಲಕ್ಕಿ ಬೇಯಲು ಎರಡು ಗಂಟೆ ಬೇಕು. ಸೌದೆ ಹಸಿ. ಅಂಗಡಿಯವರ ಹೆಂಡತಿ ಮೊದಲ ವಾರ ಬಂದು, ಗಂಜಿ ಬಸಿಯುವುದನ್ನು ಕೈ ಹಿಡಿದು ಕಲಿಸಿದರು. ಇಷ್ಟು ಸಣ್ಣ ಹುಡುಗಿಯನ್ನು ತಾಯಿ ಯಾಕೆ ಬಿಟ್ಟಳು ಎಂದು ಕೇಳಿದರು. ನಾನು ಹೊಗೆಗೆ ಕಣ್ಣೊರೆಸಿಕೊಂಡೆ.

ಸಂಜೆ ಕಚೇರಿಯಿಂದ ಬರುವ ಅಪ್ಪ ನನಗೆ ಗುರುತಿಲ್ಲದ ಮನುಷ್ಯ. ಹಗಲೆಲ್ಲ ವಕೀಲರ ಬೈಗಳು ತಿಂದು, ಕಕ್ಷಿದಾರರ ಹಿಂದೆ ಓಡಾಡಿ, ಮುಖ ಕಪ್ಪಿಟ್ಟುಕೊಂಡು ಬರುತ್ತಿದ್ದರು. ಅಂಗಿ ಕಳಚಿ ಗೂಟಕ್ಕೆ ಹಾಕಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ನನ್ನ ಪಾಠ ನೋಡಲಿಲ್ಲ. ಅನ್ನ ತಳ ಹತ್ತಿದ ಒಂದು ದಿನ ಬಟ್ಟಲನ್ನು ಅಂಗಳಕ್ಕೆ ಎಸೆದರು. ವೇಣೂರಿನ ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನಗುತ್ತಿದ್ದ ಅಪ್ಪ ಎರಡು ದಿನದ ಅಪ್ಪ. ಉಳಿದ ಐದು ದಿನಗಳ ಅಪ್ಪ ಇವರು. ಆ ಐದು ದಿನಗಳನ್ನು ಅವರು ನಮ್ಮ ಕಣ್ಣಿಗೆ ಬೀಳಿಸಿರಲಿಲ್ಲ.

ಶನಿವಾರ ಬಂದರೆ ಅವರು ಇನ್ನೂ ಕೆಡುತ್ತಿದ್ದರು. ವೇಣೂರಿಗೆ ಹೋಗುವುದನ್ನು ಅವರು ಬಿಟ್ಟುಬಿಟ್ಟಿದ್ದರು. ಒಂದು ಶನಿವಾರ ನಾನು, ಧೈರ್ಯ ಮಾಡಿ, ನೀವಾದರೂ ಹೋಗಿ ಬನ್ನಿ ಅಪ್ಪ, ಅಮ್ಮ ಕಾಯುತ್ತಿರಬಹುದು ಎಂದೆ. ಅವರು ಗೋಡೆಯ ಕಡೆಯಿಂದ ತಿರುಗಿದರು.

"ಹೋಗಿ ಎಲ್ಲಿ ಕೂತುಕೊಳ್ಳುವುದು? ನನಗೆ ಅಲ್ಲಿ ಎರಡು ದಿನದ ಮರ್ಯಾದೆ ಇತ್ತು. ಅದೊಂದೇ ಇದ್ದದ್ದು ನನಗೆ. ಅದನ್ನೂ ತೆಗೆದು ಹಾಕಿದಿ."

ನಿಮಗಾಗಿಯೇ ಬರೆದದ್ದು ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅದು ಪೂರ್ತಿ ನಿಜವೂ ಆಗಿರಲಿಲ್ಲ.

ಒಂದೇ ಒಂದು ಸಲ ಅವರು ನನ್ನನ್ನು ಟೆಂಟಿನ ಸಿನಿಮಾಕ್ಕೆ ಕರೆದೊಯ್ದರು, ಸಂಜೆಯ ಆಟಕ್ಕೆ. ಯಾವ ಕಥೆಗಾಗಿ ಅಮ್ಮನನ್ನು ಗದ್ದೆಯಿಂದ ಎಬ್ಬಿಸಲು ಮಾವ ಒಪ್ಪಲಿಲ್ಲವೋ ಅಂಥದೇ ಒಂದು ಕಥೆ. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆ ಪರದೆಯ ಮೇಲೆ ಹಾಡುತ್ತ ಅಳುತ್ತಿದ್ದ. ಗಂಡಸರ ಕಡೆಯ ಬೆಂಚುಗಳಲ್ಲಿ ಅಪ್ಪ ಕುಳಿತಿದ್ದದ್ದು ನನಗೆ ಕಾಣುತ್ತಿತ್ತು. ಅವರು ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆಟ ಮುಗಿದು ಮನೆಯವರೆಗೆ ನಡೆದು ಬರುವಾಗ ಅವರ ಕಣ್ಣು ಇನ್ನೂ ಕೆಂಪಾಗಿಯೇ ಇತ್ತು. ಪಕ್ಕದಲ್ಲಿ ನಡೆಯುತ್ತಿದ್ದ ನನ್ನ ಜೊತೆ ಒಂದು ಮಾತಾಡಲಿಲ್ಲ. ಯಾರದೋ ಮಗಳಿಗೆ ಅಷ್ಟು ಕಣ್ಣೀರು ಇಟ್ಟುಕೊಂಡಿದ್ದ ಆ ಮನುಷ್ಯನ ಮೇಲೆ ನನಗೆ ಅಂದು ಬಂದ ಸಿಟ್ಟು ಮಾವನ ಮೇಲೆಯೂ ಬಂದಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಕೆಳಗಿನ ಪೇಟೆಗೆ ನೀರು ನುಗ್ಗಿತು. ಬಂಟ್ವಾಳದವರಿಗೆ ಅದು ಹೊಸತಲ್ಲ. ಅಂಗಡಿಯವರು ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಹಾಕಿ, ನಮ್ಮನ್ನೂ ತಮ್ಮ ಮಾಳಿಗೆಗೆ ಕರೆದುಕೊಂಡರು. ಎರಡು ದಿನ ಅಲ್ಲಿದ್ದೆವು. ನೀರು ಇಳಿದ ಮೇಲೆ ನಾನು ಕೋಣೆಯ ಕೆಸರು ಬಳಿಯುತ್ತಿರುವಾಗ ಅಮ್ಮ ಬಂದು ನಿಂತಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಅವಳು ಬಂಟ್ವಾಳ ನೋಡಿದ್ದು ಅದೇ ಮೊದಲು. ಕೈಯಲ್ಲಿ ಅವಲಕ್ಕಿಯ ಗಂಟು, ನನಗೆ ಒಂದು ಒಣ ಲಂಗ.

ಗೋಡೆಯಲ್ಲಿ ನೀರು ನಿಂತ ಗುರುತನ್ನು ನೋಡಿದಳು, ಒಲೆ ನೋಡಿದಳು. ಅಪ್ಪ ಕಚೇರಿಗೆ ಹೋಗಿದ್ದರು. ಪೊರಕೆ ತೆಗೆದುಕೊಂಡು ನನ್ನ ಜೊತೆ ಕೆಸರು ಗುಡಿಸಿದಳು. ಕೆಲಸವೆಲ್ಲ ಮುಗಿದ ಮೇಲೆ, ಹೊಸ್ತಿಲಲ್ಲಿ ಕುಳಿತು, ನನ್ನ ಕಡೆ ನೋಡದೆ ಕೇಳಿದಳು.

"ಆ ಕಥೆ ಎಂಥ ಆಯ್ತು? ಅತ್ತೆಮನೆಯಲ್ಲಿ ಇದ್ದವಳದ್ದು."

ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಹಳೆಯ ವಾರಪತ್ರಿಕೆಗಳ ರಾಶಿಯೇ ಇತ್ತು. ನಾನು ಒಂದೊಂದಾಗಿ ತೆಗೆದು ಕೊನೆಯ ಕಂತಿನವರೆಗೂ ಓದಿದ್ದೆ. ಅಮ್ಮನಿಗೆ ಆ ಮಧ್ಯಾಹ್ನಗಳು ಏನಾಗಿದ್ದವು, ಅವು ನಿಂತುಹೋದದ್ದು ಅವಳಿಗೆ ಎಷ್ಟು ದೊಡ್ಡ ನಷ್ಟ ಎಂಬುದೂ ಆ ಪ್ರಶ್ನೆಯಲ್ಲೇ ತಿಳಿಯಿತು. ಆದರೂ ಗೊತ್ತಿಲ್ಲ, ನಾನು ಅದನ್ನೆಲ್ಲ ಓದುವುದಿಲ್ಲ ಎಂದೆ. ಚಾವಡಿಯ ಬಾಗಿಲಲ್ಲಿ ನಿಂತು ಅವಳು ಸುಮ್ಮನಿದ್ದದ್ದಕ್ಕೆ ನಾನು ತೀರಿಸಿಕೊಂಡದ್ದು ಹಾಗೆ.

ಅಮ್ಮ ಅವಲಕ್ಕಿಯ ಗಂಟು ಬಿಚ್ಚುತ್ತ, "ಸುಳ್ಳು ಬರೀಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲವಾ?" ಎಂದಳು. ಆಮೇಲೆ, ಬರುವುದಾದರೆ ಬಾ, ಅಣ್ಣ ಬೇಡ ಎನ್ನಲಿಕ್ಕಿಲ್ಲ ಎಂದಳು. ಅವರು ಕರೆದರಾ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ಬರುವುದಿಲ್ಲ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಅಪ್ಪ ಬರುವ ಮೊದಲೇ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಶಿಕ್ಷಕಿಯ ತರಬೇತಿಗೆ ಸೇರಿ, ಬೆಳ್ತಂಗಡಿಯ ಹತ್ತಿರದ ಶಾಲೆಯಲ್ಲಿ ಕೆಲಸಕ್ಕೆ ನಿಂತೆ. ನಾನು ಬಂಟ್ವಾಳ ಬಿಟ್ಟ ಕೂಡಲೇ ಅಪ್ಪ ಎರಡು ಕೋಣೆಗಳನ್ನು ಬಿಟ್ಟು ಅವರ ಅಕ್ಕನ ಮನೆಗೆ ಹೋದರು. ಅಲ್ಲಿ ಅವರೇ ಯಜಮಾನ, ಅಕ್ಕನ ಮಕ್ಕಳಿಗೆ ಸೋದರಮಾವ. ಆ ಮಕ್ಕಳು ಅವರಿಗೆ ಬಹಳ ಹೆದರುತ್ತಿದ್ದರೆಂದು ಕೇಳಿದ್ದೇನೆ. ಅಪ್ಪ ಮತ್ತು ಅಮ್ಮ ಆಮೇಲೆ ಮದುವೆ, ಸತ್ತವರ ಬೊಜ್ಜಗಳಲ್ಲಿ ಎದುರಾದರೆ ಮಾತಾಡುತ್ತಿದ್ದರು, ಅಷ್ಟೆ. ಜಗಳವಾಡಿ ಬೇರೆಯಾದವರಲ್ಲ. ನಾನು ಬರೆದ ಅರ್ಧ ಪುಟ ಅವರ ನಡುವೆ ಬಿದ್ದಿತ್ತು.

ಅಜ್ಜಿ ತೀರಿಕೊಂಡ ಮೇಲೆ ಮನೆಯ ಪಾಲಿನ ಮಾತು ಬಂತು. ಆ ವರ್ಷಗಳಲ್ಲಿ ನಮ್ಮ ಸುತ್ತಿನ ಎಷ್ಟೋ ಮನೆಗಳು ಹಾಗೆ ಪಾಲಾದವು. ಪಾಲುಪತ್ರಕ್ಕೆ ನನ್ನ ಸಹಿಯೂ ಬೇಕಿತ್ತು. ಯಾವ ಕಟ್ಟನ್ನು ಅನಾಚಾರವೆಂದು ನಾನು ಅಚ್ಚು ಹಾಕಿಸಿದ್ದೆನೋ ಅದೇ ಕಟ್ಟಿನ ಪ್ರಕಾರ ಆ ಮನೆಯಲ್ಲಿ ನನಗೆ ಹಕ್ಕಿತ್ತು. ಅಪ್ಪನ ಮನೆಯಲ್ಲಿ ಕೂರಲು ಜಾಗವೂ ಇರಲಿಲ್ಲ. ಬೆಳ್ತಂಗಡಿಯ ನೋಂದಣಿ ಕಚೇರಿಯ ಜಗಲಿಯಲ್ಲಿ ಮಾವ, ಅಮ್ಮ, ನಾನು ಒಂದೇ ಬೆಂಚಿನಲ್ಲಿ ಕುಳಿತೆವು. ನಡುವೆ ಅಮ್ಮ. ಮಾವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕರೆ ಬಂದಾಗ ಪತ್ರವನ್ನು ಅವರೇ ನನ್ನ ಮುಂದಿಟ್ಟರು.

"ಇಲ್ಲಿ ಸಹಿ ಹಾಕು," ಎಂದರು. ಆರು ವರ್ಷಗಳ ನಂತರದ ಮೊದಲ ಮಾತು. "ಹೆಸರು ಬರೆ. ನಿನ್ನ ಸ್ವಂತ ಹೆಸರು."

ಬರೆದೆ. ಅವರು ಹಾಳೆಯನ್ನು ತಿರುಗಿಸಿಕೊಂಡು ನನ್ನ ಹೆಸರನ್ನು ನಿಧಾನವಾಗಿ ಓದಿ, ಕೊಡೆ ತೆಗೆದುಕೊಂಡು ಹೊರಗೆ ನಡೆದರು.

ಮನೆ ಅಮ್ಮನ ಪಾಲಿಗೆ ಬಂತು. ಮಾವ ನಾರಾವಿಗೆ ಹೋದರು, ಹೆಂಡತಿಯ ಮನೆಗೆ. ಅಲ್ಲಿ ಹೆಂಡತಿಯ ತಮ್ಮ ಯಜಮಾನ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದಾಗ ಸಿಗುತ್ತಿದ್ದ ಉಪಚಾರ ಅಲ್ಲೇ ಉಳಿದವನಿಗೆ ಸಿಗಲಿಲ್ಲವಂತೆ. ದಿನಪತ್ರಿಕೆ ಓದಲು ಆ ತಮ್ಮ ಓದಿ ಮುಗಿಸುವವರೆಗೆ ಕಾಯಬೇಕಾಗುತ್ತಿತ್ತಂತೆ. ಅಮ್ಮ ಇದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಕೇಳಿ ಸಂತೋಷವಾಯಿತು. ಮುಚ್ಚಿಡುವುದಿಲ್ಲ, ಸಂತೋಷವೇ ಆಯಿತು. ಅದು ಅಮ್ಮನಿಗೆ ಕಂಡಿತು. ಆಮೇಲೆ ಅವಳು ನನ್ನ ಹತ್ತಿರ ತನ್ನ ಅಣ್ಣನ ಸುದ್ದಿ ಎತ್ತಲೇ ಇಲ್ಲ.

ಎರಡು ವರ್ಷಗಳಲ್ಲಿ ಮಾವ ತೀರಿಕೊಂಡರು. ಸುದ್ದಿ ಶಾಲೆಗೆ ಬಂತು. ಹೆಡ್‌ಮಾಸ್ಟರು ರಜೆ ತೆಗೆದುಕೊಂಡು ಹೋಗಿ ಎಂದರು. ಬೇಡ ಸರ್ ಎಂದು ನಾನು ನಾಲ್ಕನೇ ತರಗತಿಗೆ ಹೋಗಿ ಭಾಗಾಕಾರ ಹೇಳಿಕೊಟ್ಟೆ. ಬೊಜ್ಜಕ್ಕೆ ಮಾತ್ರ, ಅಮ್ಮನ ಒತ್ತಾಯಕ್ಕೆ, ನಾರಾವಿಗೆ ಹೋದೆ. ಮಾವನ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು, ಅಲ್ಲಿಯವರೆಗೆ ನಾನು ನೆಟ್ಟಗೆ ಮಾತೇ ಆಡಿರದವಳು, ನನ್ನನ್ನು ಹಿತ್ತಿಲ ಕಡೆ ಕರೆದು ಒಂದು ಪ್ರಶ್ನೆ ಕೇಳಿದಳು. ನಿಮ್ಮ ಮನೆಯಲ್ಲಿ ವಾರಕ್ಕೆ ಐದು ದಿನ ಇರುತ್ತಿದ್ದರಲ್ಲ, ಅವರು ಅಲ್ಲಿ ಹೇಗಿದ್ದರು, ನಮಗೆ ಅವರು ಗೊತ್ತೇ ಇಲ್ಲ ಎಂದಳು.

ನನಗೆ ತುಂಬ ಹೇಳಲಿಕ್ಕಿತ್ತು. ಬಾಯಿಯವರೆಗೆ ಬಂದಿತ್ತು. ಅವಳ ಮುಖ ನೋಡಿ, ಗದ್ದೆಯ ಕೆಲಸ ಚೆನ್ನಾಗಿ ಬರುತ್ತಿತ್ತು ಎಂದಷ್ಟೇ ಹೇಳಿ, ಊಟಕ್ಕೂ ನಿಲ್ಲದೆ ಬೆಳ್ತಂಗಡಿಯ ಬಸ್ಸು ಹತ್ತಿದೆ.